ಆಚೆ ದಂಡೆಯ ಕಂಬಳಿ

ಕಿವಿ ಕೇಳಿಸದವನ ಜೊತೆ ಜನ ಒಂದೇ ಸಲಕ್ಕೆ ಮಾತು ನಿಲ್ಲಿಸುವುದಿಲ್ಲ. ಮೊದಮೊದಲು ಜೋರಾಗಿ ಹೇಳುತ್ತಾರೆ. ಆಮೇಲೆ ಅದನ್ನೇ ಎರಡು ಸಲ ಹೇಳುತ್ತಾರೆ. ಕೊನೆಗೆ ಒಂದು ದಿನ ನಾವು ‘ಏನಂದಿ?’ ಎಂದು ಕೇಳಿದರೆ ‘ಏನಿಲ್ಲ ಬಿಡ್ರಿ’ ಅಂದುಬಿಡುತ್ತಾರೆ. ಅಲ್ಲಿಗೆ ನಮ್ಮ ಕತೆ ಮುಗಿದಂತೆ.

ನನ್ನ ಹೆಂಡತಿ ಪ್ರಮಿಳಾ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ಆದರೆ ಮಚ್ಛೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವಳೂ ಮಗಳು ಸೃಷ್ಟಿಯೂ ಏನನ್ನೋ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿರುವಾಗ ನಾನು ಹೋಗಿ ಪಕ್ಕದಲ್ಲಿ ಕೂತರೆ, ಇಬ್ಬರೂ ನನ್ನ ಮುಖ ನೋಡಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆ ಗಳಿಗೆಯಷ್ಟು ಒಂಟಿತನ ನನಗೆ ಖಾಲಿ ಮನೆಯಲ್ಲೂ ಆದದ್ದಿಲ್ಲ. ಹಾಗಾಗಿ ನಾನೇ ಎದ್ದು ಹೊರಗೆ ಹೋಗುತ್ತೇನೆ.

ನನ್ನ ಕಿವಿ ತಿಂದದ್ದು ಉದ್ಯಮಬಾಗದ ಕಾರ್ಖಾನೆಯ ಗ್ರೈಂಡರು. ಎರಕ ಹೊಯ್ದ ತುಂಡುಗಳ ಅಂಚು ಉಜ್ಜಿ ನುಣುಪು ಮಾಡುವುದು ನನ್ನ ಕೆಲಸ. ಹುಡುಗನಾಗಿದ್ದಾಗ ಸೇರಿದವನು, ಈಗ ತಲೆ ಅರ್ಧ ನರೆತಿದೆ. ಕಿವಿಗೆ ಮಷೀನು ಹಾಕಿಸಿದ್ದಾರೆ ನಿಜ. ಅದನ್ನು ಹಾಕಿಕೊಂಡರೆ ಅಡುಗೆಮನೆಯಲ್ಲಿ ಚಮಚ ಬಿದ್ದದ್ದು ಗುಡುಗಿನಂತೆ ಕೇಳುತ್ತದೆ, ಎದುರಿಗೆ ಕೂತವರ ಮಾತು ಮಾತ್ರ ಕೇಳುವುದಿಲ್ಲ. ಚಹಾದ ಹೊತ್ತಿನಲ್ಲಿ ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ, ಒಂದು ಕ್ಷಣ ತಡವಾಗಿ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಹೋದ ವರ್ಷ ನಮ್ಮ ಕಾರ್ಖಾನೆಗೆ ಹೊರದೇಶದ ಒಂದು ಆರ್ಡರು ಬಂತು. ನೀರಿನ ಮೇಲಿನ ಯಾವುದೋ ಆಟಕ್ಕೆ ಬೇಕಾದ ಅಲ್ಯುಮಿನಿಯಂ ಕಂಬಗಳು. ಮಾದರಿಗೆಂದು ಇಡೀ ಆಟದ ಸಾಮಾನನ್ನೇ ಕಳಿಸಿದ್ದರು: ಮೇಲೆ ನಿಲ್ಲಲು ಒಂದು ಗಿಡ್ಡ ಹಲಗೆ, ಅದರ ಕೆಳಗೆ ಸೊಂಟದೆತ್ತರದ ಕಂಬ, ಕಂಬದ ಬುಡದಲ್ಲಿ ವಿಮಾನಕ್ಕಿರುವಂಥ ಅಗಲವಾದ ರೆಕ್ಕೆ. ಅದಕ್ಕೆ ಫಾಯಿಲ್ ಅನ್ನುತ್ತಾರಂತೆ. ಮಾಲೀಕರಾದ ಬಾಳಾಸಾಹೇಬರು ನಮಗೆಲ್ಲ ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದರು. ಒಬ್ಬ ಮನುಷ್ಯ ಕಟ್ಟೆಯಿಂದ ಹಲಗೆಯ ಮೇಲೆ ಹಾರುತ್ತಾನೆ. ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಇಂಜಿನ್ ಇಲ್ಲ, ಹಗ್ಗ ಇಲ್ಲ, ಗಾಳಿಯೂ ಇಲ್ಲ. ಮೊಣಕಾಲು ಬಗ್ಗಿಸುತ್ತ ಏಳುತ್ತ, ಕನ್ನಡಿಯಂಥ ಕೆರೆಯ ಮೇಲೆ ಅವನು ಹೋಗುತ್ತಲೇ ಇರುತ್ತಾನೆ.

“ನೀರಿನ ಮ್ಯಾಲ ಬಸ್ಕಿ ಹೊಡಿಯಾಕತ್ತಾನಲೇ ಮಗಾ!” ಎಂದು ಪಕ್ಕದ ಗ್ರೈಂಡರಿನ ಯಾಸೀನ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ದೂರ ಒಬ್ಬನೇ ಹೋಗುತ್ತಿದ್ದಾನೆ, ಯಾರ ಜೊತೆಗೂ ಮಾತಿಲ್ಲ, ಆದರೂ ಅವನನ್ನು ನೋಡಿ ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಆರ್ಡರು ಬಹಳ ದಿನ ನಡೆಯಲಿಲ್ಲ. ಮಾದರಿಯ ಸಾಮಾನು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ ಬಾಳಾಸಾಹೇಬರ ಮುಂದೆ ಹೋಗಿ ನಿಂತೆ.

“ಅದನ್ನ ಗುಜರಿಗೆ ಹಾಕಬ್ಯಾಡ್ರಿ. ನಾ ಒಯ್ಯಲೇನ್ರಿ?”

ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, ಕಿವಿಯ ಹತ್ತಿರ ಬಾಗಿ ಕೂಗಿದರು. “ಒಯ್ಯೋ ಶಿವಲಿಂಗಾ. ಆದ್ರ ಈಸಾಕ ಬರತೈತೇನ ನಿನಗ?”

“ಬಾವ್ಯಾಗ ಕಲ್ತೀನ್ರಿ.”

“ಅಡ್ಡಿಯಿಲ್ಲ. ಸತ್ರ ನನ್ನ ಹೆಸರ ಹೇಳಬ್ಯಾಡ,” ಅಂದರು ನಗುತ್ತ.

ದೇಸೂರು ದಾಟಿ ಖಾನಾಪುರದ ದಿಕ್ಕಿಗೆ ಹೋಗುತ್ತ, ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಒಂದು ಕೆರೆ ಇದೆ. ಈಚೆ ದಂಡೆಯಲ್ಲಿ ಪಾಳುಬಿದ್ದ ಪಂಪ್‌ಹೌಸು, ಅದರ ಮುಂದೆ ನೀರಿನೊಳಕ್ಕೆ ಚಾಚಿಕೊಂಡ ಸಿಮೆಂಟಿನ ಕಟ್ಟೆ. ಆಚೆ ದಂಡೆಯಲ್ಲಿ ಭತ್ತದ ಗದ್ದೆಗಳು. ನಡುನೀರಿನಲ್ಲಿ ಒಂದು ಸತ್ತ ಮರದ ಬೊಡ್ಡೆ, ಅದರ ಮೇಲೆ ಸದಾ ರೆಕ್ಕೆ ಬಿಚ್ಚಿ ಕೂತ ನೀರುಕಾಗೆ. ಎರಡನೇ ಪಾಳಿ ಇದ್ದಾಗೆಲ್ಲ ಬೆಳಿಗ್ಗೆ ಬೈಕಿಗೆ ಸಾಮಾನು ಕಟ್ಟಿಕೊಂಡು ಅಲ್ಲಿಗೆ ಹೋಗತೊಡಗಿದೆ. ಕಿವಿಯ ಮಷೀನು ತೆಗೆದು ಊಟದ ಡಬ್ಬಿಯಲ್ಲಿಟ್ಟರೆ ಕೆರೆಯೂ ನಾನೂ ಇಬ್ಬರೂ ನಿಶ್ಶಬ್ದ.

ಹಲಗೆಯನ್ನು ನೀರಿನ ಮೇಲೆ ಮುಂದಕ್ಕೆ ನೂಕಿ, ಅದರ ಬೆನ್ನಿಗೇ ಓಡಿ ಹಾರಬೇಕು. ಎರಡೂ ಪಾದ ಜಾಗದಲ್ಲಿ ಬಿದ್ದರೆ ಕೆಳಗಿನ ರೆಕ್ಕೆ ಎತ್ತಿ ಹಿಡಿಯುತ್ತದೆ, ಇಲ್ಲದಿದ್ದರೆ ನೀರು ಕಪಾಳಕ್ಕೆ ಬಡಿಯುತ್ತದೆ. ಮೊದಲ ತಿಂಗಳೆಲ್ಲ ಕಪಾಳಕ್ಕೇ ಬಡಿಯಿತು. ಒಮ್ಮೆ ರೆಕ್ಕೆಯ ಅಂಚು ತೊಡೆಗೆ ತಾಗಿ ಇಷ್ಟುದ್ದ ಸೀಳಿತು. ಪ್ರಮಿಳಾ ಔಷಧ ಹಚ್ಚುವಾಗ ಏನೋ ಅಂದಳು. ‘ಏನಂದಿ?’ ಅಂದೆ. ‘ಏನಿಲ್ಲ ಬಿಡ್ರಿ.’

ನಿಲ್ಲುವುದು ಬಂದ ಮೇಲೆ ಸಾಗುವುದು ಬರಲಿಲ್ಲ. ತೊಡೆಯ ಬಲದಲ್ಲಿ ತುಳಿದು ತುಳಿದು ಹತ್ತು ಮಾರು ದೂರ ಹೋಗಿ ದಮ್ಮು ಕಟ್ಟಿ ಮುಳುಗುತ್ತಿದ್ದೆ. ಒಂದು ಬೆಳಿಗ್ಗೆ ನೀರಿನಲ್ಲಿ ಕೆಮ್ಮುತ್ತ ತೇಲುತ್ತಿರುವಾಗ ಪಂಚಮಿಯ ಜೋಕಾಲಿ ನೆನಪಾಯಿತು. ನಾಗರಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ನಿಂತು ಜೀಕುವಾಗ ಯಾರಾದರೂ ಜೋಕಾಲಿಯ ಜೊತೆ ಗುದ್ದಾಡುತ್ತಾರೆಯೇ? ಅದು ಕೆಳಗೆ ಬರುವಾಗ ಒಂದಿಷ್ಟು ಒತ್ತಿ, ಮೇಲೇರುವಾಗ ಮೈ ಹಗುರ ಬಿಡುತ್ತೇವೆ, ಅಷ್ಟೇ. ಇದೂ ಹಾಗೆಯೇ. ತುಳಿದ ಮೇಲೆ ಕಾಯಬೇಕು. ರೆಕ್ಕೆ ತಾನಾಗಿ ಜಾರುತ್ತ ಹೋಗುವ ಆ ಸ್ವಲ್ಪ ಹೊತ್ತು ಏನೂ ಮಾಡದೆ ಉಸಿರಾಡಬೇಕು. ದೂರ ಹೋಗುವುದೆಂದರೆ ಕಡಿಮೆ ತುಳಿಯುವುದು ಎಂದು ತಿಳಿಯಲು ನನಗೆ ಇಡೀ ಮಳೆಗಾಲ ಬೇಕಾಯಿತು.

ಇನ್ನೊಂದು ತೊಡಕಿತ್ತು. ಕಾಲು ನೋಡಿಕೊಂಡರೆ ಬೀಳುತ್ತೇವೆ. ಕಣ್ಣು ದೂರದಲ್ಲಿ ಎಲ್ಲಾದರೂ ನೆಟ್ಟಿರಬೇಕು. ಸಪಾಟು ನೀರಿನಲ್ಲಿ ಎಲ್ಲಿ ನೆಡುವುದು? ನೀರುಕಾಗೆ ಹಾರಿಹೋಗುತ್ತಿತ್ತು, ಅದರ ಜೊತೆ ನನ್ನ ಕಣ್ಣೂ ಹೋಗಿ ನಾನು ಬೀಳುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಆಚೆ ದಂಡೆಗೆ ಕುರಿಗಳು ಬಂದವು. ಪ್ರತಿ ವರ್ಷ ಮೂಡಲ ಕಡೆಯಿಂದ ಕುರುಬರು ಬಂದು ಆ ಗದ್ದೆಗಳಲ್ಲಿ ಹಿಂಡು ತರುಬಿ ರಾತ್ರಿ ಕಳೆಯುತ್ತಾರೆ, ಗದ್ದೆಗೆ ಗೊಬ್ಬರವಾಗುತ್ತದೆ. ಒಂದು ಬೆಳಿಗ್ಗೆ ಜೀಕುತ್ತ ಹೋಗುವಾಗ ದಂಡೆಯ ಮೇಲೆ ಒಬ್ಬರು ನಿಂತದ್ದು ಕಂಡಿತು. ಕೈಯಲ್ಲಿ ಕರಿ ಕಂಬಳಿ. ನಾನು ನೋಡುತ್ತಿರುವಂತೆಯೇ ಆ ಕಂಬಳಿಯನ್ನು ತಲೆಯ ಮೇಲೆತ್ತಿ ಬೀಸಿದರು. ಒಮ್ಮೆಯಲ್ಲ, ಮತ್ತೆ ಮತ್ತೆ.

ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕುಸ್ತಿ ನೋಡಿದವನು. ಪೈಲ್ವಾನ ಎದುರಾಳಿಯನ್ನು ಎತ್ತಿದ ಕೂಡಲೇ ಜನರು ತಲೆಯ ಪಟಗಾ ಬಿಚ್ಚಿ ಗಾಳಿಯಲ್ಲಿ ಬೀಸುತ್ತಿದ್ದರು. ಅದೇ ಬೀಸು! ನನಗಾಗಿ ಒಬ್ಬರು ಬೀಸುತ್ತಿದ್ದಾರೆ! ಖುಷಿಗೆ ಕಾಲು ತಪ್ಪಿ ದಬಕ್ಕನೆ ಬಿದ್ದೆ. ಬಿದ್ದವನು ನೀರಿನೊಳಗೇ ನಕ್ಕೆ, ಮೂಗಿಗೆ ನೀರು ಹೋಯಿತು.

ಅಂದಿನಿಂದ ನನ್ನ ಕಣ್ಣಿಗೆ ಜಾಗ ಸಿಕ್ಕಿತು. ಕಟ್ಟೆಯಿಂದ ಹಾರಿದ ಕೂಡಲೇ ದೃಷ್ಟಿ ಆ ಕಂಬಳಿಯ ಮೇಲೆ. ಬೊಡ್ಡೆಯ ತನಕ ಹೋಗುವುದು ಸಲೀಸಾಯಿತು. ಆಮೇಲೆ ಬೊಡ್ಡೆ ದಾಟಿದೆ. ನಾನು ಹೆಚ್ಚು ದೂರ ಬಂದಷ್ಟೂ ಕಂಬಳಿ ಜೋರಾಗಿ ಬೀಸುತ್ತಿತ್ತು. ಒಮ್ಮೆ ಕಾರ್ಖಾನೆಯಲ್ಲಿ ಪಾಳಿ ಬದಲಾಗಿ ಒಂದು ವಾರ ಹೋಗಲಾಗಲಿಲ್ಲ. ತಿರುಗಿ ಹೋದ ದಿನ ಅವರು ನೀರಿನ ಅಂಚಿಗೇ ಬಂದು ನಿಂತಿದ್ದರು, ಬೀಸಿದ ರಭಸಕ್ಕೆ ಕಂಬಳಿ ಕೈಬಿಟ್ಟು ನೆಲಕ್ಕೆ ಬಿತ್ತು. ನನ್ನ ದಾರಿ ಕಾಯುವವರು ಈ ಭೂಮಿಯ ಮೇಲೆ ಒಬ್ಬರಿದ್ದಾರೆ ಎಂದು ಆ ದಿನ ಗ್ರೈಂಡರಿನ ಮುಂದೆ ನಿಂತು ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ಯಾಸೀನ ನೋಡಿ ಹಣೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದ.

ಬೈಕಿನಲ್ಲಿ ಸುತ್ತುಹಾಕಿ ಹೋಗಿ ಭೇಟಿಯಾಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿ ಏನು ಮಾಡಲಿ? ಅವರು ಏನೋ ಹೇಳುತ್ತಾರೆ, ನಾನು ‘ಏನಂದ್ರಿ?’ ಅನ್ನುತ್ತೇನೆ, ಎರಡು ಸಲ ಆದ ಮೇಲೆ ಅವರೂ ‘ಏನಿಲ್ಲ ಬಿಡ್ರಿ’ ಅನ್ನುತ್ತಾರೆ. ಇದ್ದ ಒಬ್ಬರನ್ನೂ ಕಳೆದುಕೊಂಡು ಬರಬೇಕು. ನೀರಿನ ಮೇಲೆ ನಾನು ಕಿವುಡನಲ್ಲ, ದೂರದಿಂದ ಬರುವವನು. ಅವರ ಮುಂದೆ ಹಾಗೆಯೇ ಹೋಗಿ ನಿಲ್ಲಬೇಕು, ನಡುವೆ ಎಲ್ಲೂ ಬೀಳದೆ. ಆ ಚಳಿಗಾಲದಲ್ಲಿ ನನಗೆ ಅದೊಂದನ್ನು ಬಿಟ್ಟು ಬೇರೆ ಏನೂ ಬೇಕಾಗಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಆ ಬೆಳಗು ಬಂತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಾರಿದಾಗಲೇ ಗೊತ್ತಾಯಿತು, ಪಾದ ಸರಿಯಾಗಿ ಕೂತಿವೆ ಎಂದು. ಒತ್ತಿದೆ, ಹಗುರಾದೆ, ಕಾದೆ. ಬೊಡ್ಡೆ ಹಿಂದೆ ಸರಿಯಿತು. ತೊಡೆ ಉರಿಯತೊಡಗಿತು, ಉರಿಯಲಿ ಎಂದು ಬಿಟ್ಟೆ. ಕಂಬಳಿ ಎದ್ದಿತು, ಬೀಸಿತು. ಈಗ ಆ ವ್ಯಕ್ತಿ ಹೆಂಗಸು ಎಂದು ಕಂಡಿತು, ಮುದುಕಿ ಎಂದು ಕಂಡಿತು. ಬಾಯಿ ತೆರೆದು ಕೂಗುತ್ತಿದ್ದಾಳೆ ಎಂದೂ ಕಂಡಿತು. ‘ಬಂದ್ನಿ ಯವ್ವಾ, ಬಂದ್ನಿ!’ ಎಂದು ನಾನೂ ಕೂಗಿದೆ.

ಖುಷಿಯಲ್ಲಿ ಒಂದು ಮಾತು ಮರೆತೆ. ನನ್ನ ಕಾಲ ಕೆಳಗೆ ಸೊಂಟದೆತ್ತರದ ಕಂಬವಿದೆ, ದಂಡೆಯ ಹತ್ತಿರ ನೀರು ಅಷ್ಟು ಆಳ ಇರುವುದಿಲ್ಲ. ರೆಕ್ಕೆ ಕೆಸರಿಗೆ ಸಿಕ್ಕಿ ಹಲಗೆ ಗಕ್ಕನೆ ನಿಂತಿತು. ನಾನು ನಿಲ್ಲಲಿಲ್ಲ. ತಲೆಕೆಳಗಾಗಿ ಹೋಗಿ ಕೆಸರುನೀರಿನಲ್ಲಿ ಬಿದ್ದೆ. ಕಣ್ಣು, ಬಾಯಿ ಎಲ್ಲ ರಾಡಿ. ಏಳಬೇಕು ಎನ್ನುವಷ್ಟರಲ್ಲಿ ಯಾರೋ ನನ್ನ ಕೂದಲು ಹಿಡಿದು ಮೇಲಕ್ಕೆ ಎಳೆದರು. ಕಣ್ಣು ಬಿಟ್ಟರೆ ಮುದುಕಿ ತೊಡೆಮಟ್ಟ ನೀರಿನಲ್ಲಿ ನಿಂತಿದ್ದಾಳೆ. ನಾನು ಹಲ್ಲು ಬಿಟ್ಟೆ. ಅವಳು ನನ್ನ ಕೆನ್ನೆಗೆ ಬಾರಿಸಿದಳು.

“ನಿನ್ನ ಹೆಣಾ ಎತ್ಲಿ! ಎಷ್ಟ ದಿನದಿಂದ ಕಂಬಳಿ ಬೀಸಾಕತ್ತೀನಿ, ಹಿಂದಕ ತಿರುಗಾಕ ಬರಂಗಿಲ್ಲೇನ? ಕುರಿಗೆ ತಿಳಿತೈತಿ, ನಿನಗ ತಿಳಿಯಂಗಿಲ್ಲ?”

ಪ್ರತಿ ಅಕ್ಷರ ಕೇಳಿಸಿತು. ಮಷೀನು ಈಚೆ ದಂಡೆಯ ಕಟ್ಟೆಯ ಮೇಲೆ ಡಬ್ಬಿಯಲ್ಲಿತ್ತು, ಆದರೂ ಕೇಳಿಸಿತು. ಬಯಲಿನಲ್ಲಿ ಹಿಂಡು ಕರೆದು ಕರೆದು ಪಳಗಿದ ಗಂಟಲು ಅದು. ಎಷ್ಟೋ ವರ್ಷಗಳ ಮೇಲೆ ಮನುಷ್ಯರ ಮಾತೊಂದು ನನ್ನ ಬರಿಯ ಕಿವಿಗೆ ಬಿದ್ದಿತ್ತು, ಮತ್ತು ಆ ಮಾತು ಬೈಗುಳವಾಗಿತ್ತು.

ದಂಡೆಗೆ ಬಂದು ಇಬ್ಬರೂ ಕೂತೆವು. ಕುರಿಗಳು ನೀರಿನ ಕಡೆ ಬರತೊಡಗಿದ್ದವು. ಅವಳು ಎದ್ದು ಒದ್ದೆ ಮೈಯಲ್ಲೇ ಕಂಬಳಿ ಎತ್ತಿ ಬೀಸಿದಳು. ಅದೇ ಬೀಸು. ಇಡೀ ಹಿಂಡು ಮುಖ ತಿರುಗಿಸಿ ಗದ್ದೆಗೆ ಹೋಯಿತು. ನಾನು ನೋಡುತ್ತಲೇ ಇದ್ದೆ. ಆ ಚಳಿಗಾಲದ ನನ್ನ ಖುಷಿಯೆಲ್ಲ ಆ ಹಿಂಡಿನ ಜೊತೆ ತಿರುಗಿ ಹೋದಂತಾಯಿತು.

“ನೀವು ಶಾಬಾಸ್ ಅನ್ನಾಕತ್ತೀರಿ ಅಂತ ತಿಳದಿದ್ನಿರಿ,” ಅಂದೆ.

“ಮುಳುಗಾವಗ ಯಾರರ ಶಾಬಾಸ್ ಅಂತಾರೇನೋ?” ಅಂದಳು.

ಅವಳ ಹೆಸರು ಭೀಮಕ್ಕ. ಮಗ ತಮ್ಮಣ್ಣನ ಹಿಂಡಿನ ಜೊತೆ ಬಂದವಳು. ಅವಳ ಅಪ್ಪನ ಕಾಲದಿಂದಲೂ ಅವರ ಹಿಂಡು ಈ ದಂಡೆಯಲ್ಲೇ ಇಳಿಯುತ್ತದಂತೆ.

“ಸಣ್ಣಾಕಿ ಇದ್ನಿ ಅವಾಗ,” ಎಂದಳು, ನೀರು ನೋಡುತ್ತ, ಅದೇ ದೊಡ್ಡ ಗಂಟಲಿನಲ್ಲಿ. “ಒಂದ ಮರಿ ನೀರಿಗೆ ಬಿತ್ತು. ನನ್ನ ತಮ್ಮ ಕರೆಪ್ಪ ಹಿಡಿಯಾಕ ಇಳದಾ. ಮರಿ ದಂಡಿಗೆ ಬಂತು. ಅವನ ತಲಿ ಈಗ ಬರತೈತಿ, ಈಗ ಬರತೈತಿ ಅಂತ ನಾ ಇಲ್ಲೇ ನಿಂತ್ನಿ. ಓಡಿ ಹೋಗಿ ಯಾರನರ ಕರೀಬೇಕಿತ್ತು. ಹೋದ್ರ ಅಷ್ಟರಾಗ ಅಂವ ಮ್ಯಾಲ ಬಂದ್ರ ಅಂತ ನಿಂತ್ನಿ. ಇನ್ನೂ ನಿಂತೀನಿ ನೋಡ.”

ನಾನೂ ನೀರಿನ ಕಡೆ ನೋಡಿದೆ.

ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತೀರ ಹತ್ತಿರ ತಂದು ನೋಡಿದಳು. ಆಗ ಅವಳ ಕಣ್ಣು ಕಂಡವು. ಎರಡರಲ್ಲೂ ಬೂದಿ ಬಣ್ಣದ ಪೊರೆ. “ದೂರದ್ದು ನನಗ ಚಂದಂಗ ಕಾಣಂಗಿಲ್ಲ ಯಪ್ಪಾ. ನೀ ನೀರಿನ ಮ್ಯಾಲ ನಿಂತದ್ದು ಕರ್ರಗ ಕಾಣತೈತಿ. ಬಿದ್ದಿ ಅಂದ್ರ ಬರೇ ನೀರು. ತಲಿ ಬಂತೋ ಇಲ್ಲೋ ತಿಳಿಯಂಗಿಲ್ಲ. ನೀ ಆ ಕಟ್ಟಿ ಮ್ಯಾಲ ಮತ್ತ ಏಳೂ ತನಕ ನನಗ ಉಸರ ಇರಂಗಿಲ್ಲ.”

ಕಟ್ಟೆಗೆ ಈಜಿ ಮರಳಲು ನನಗೆಷ್ಟು ಹೊತ್ತು ಹಿಡಿಯುತ್ತಿತ್ತು! ಬೇಕೆಂದೇ ನಿಧಾನವಾಗಿ, ಹಲಗೆಯ ಮೇಲೆ ಗದ್ದವಿಟ್ಟು ಆಕಾಶ ನೋಡುತ್ತ ಹೋಗುತ್ತಿದ್ದೆ. ಅಷ್ಟೂ ಹೊತ್ತು ಈ ಮುದುಕಿ ಇಲ್ಲಿ ಸಾಯುತ್ತಿದ್ದಳು. ನನ್ನ ಸುಖಕ್ಕೆ ಬೆಂಕಿ ಬೀಳಲಿ ಅನ್ನಿಸಿತು.

“ಇನ್ನ ಮ್ಯಾಲ ಬರಂಗಿಲ್ಲ ಬಿಡ್ರಿ,” ಎಂದೆ. ನನ್ನ ಬಾಯಲ್ಲೂ ಅದೇ ‘ಬಿಡ್ರಿ’ ಬಂತು.

“ಹಂಗ ಅನಬ್ಯಾಡ,” ಎಂದು ಅವಳು ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. “ನಡುವ ಒಂದ ವಾರ ಬರಲಿಲ್ಲಲ್ಲ ನೀ? ಹಿಂದಿನ ದಿನ ಬಿದ್ದಾವ ಮ್ಯಾಲ ಬಂದಿರಂಗಿಲ್ಲ ಅಂದ್ಕೊಂಡ್ನಿ. ಕೂಳ ಇಳೀಲಿಲ್ಲ. ನೀ ಬಾ. ಬಿದ್ರ ಬೀಳು. ಆದ್ರ ಮ್ಯಾಲ ಬಂದ ಕೂಡ್ಲೆ ಕೈ ಎತ್ತು. ನಾ ಕುಂದರೂ ತನಕ ಇಳಸಬ್ಯಾಡ.”

“ಆತ್ರಿ,” ಎಂದೆ.

ಆಚೆ ದಂಡೆಯಲ್ಲಿ ಕಟ್ಟೆ ಇಲ್ಲ, ಹಾಗಾಗಿ ಅಲ್ಲಿಂದ ಹಾರಿ ಹೊರಡಲು ಬರುವುದಿಲ್ಲ. ಹಲಗೆಯನ್ನು ಹೆಗಲ ಮೇಲೆ ಹೊತ್ತು ಕೆರೆ ಸುತ್ತಿ ನಡೆದೆ. ಭೀಮಕ್ಕ ತಿರುವಿನ ತನಕ ಜೊತೆಗೆ ಬಂದಳು. ಮಾತಿರಲಿಲ್ಲ. ಆದರೆ ಅದು ನನ್ನ ಕಿವಿಯ ದೆಸೆಯಿಂದ ನಿಂತ ಮಾತಲ್ಲ, ಇಬ್ಬರಿಗೂ ಹೇಳುವುದು ಮುಗಿದಿತ್ತು.

ಅಂದು ಪಾಳಿ ಮುಗಿಸಿ ಬಂದು ಉಣ್ಣುವಾಗ ಪ್ರಮಿಳಾಗೆ ಎಲ್ಲ ಹೇಳಿದೆ, ಕೆನ್ನೆಗೆ ಬಿದ್ದದ್ದನ್ನೂ. ಅವಳು ಏನೋ ಅಂದಳು. ಎಂದಿನಂತೆ ‘ಏನಂದಿ?’ ಎಂದೆ. ಈ ಸಲ ಅವಳು ಬಿಡಲಿಲ್ಲ. ರೊಟ್ಟಿಯ ಬುಟ್ಟಿ ಪಕ್ಕಕ್ಕೆ ಸರಿಸಿ, ನನ್ನ ಕಿವಿಯ ಹತ್ತಿರ ಬಂದು, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಆಕಿ ಹೊಡದದ್ದ ಚೊಲೋ ಆತು! ನಾನರ ಹೊಡೀಬೇಕಿತ್ತು!”

ಮರುದಿನ ಬೊಡ್ಡೆಯ ಹತ್ತಿರ ಬಿದ್ದು ಮೇಲೆ ಬಂದು ಕೈ ಎತ್ತಿದೆ. ಭೀಮಕ್ಕ ಕೂರಲಿಲ್ಲ. ಇನ್ನೂ ಎತ್ತಿದೆ, ಅಲ್ಲಾಡಿಸಿದೆ. ಕಂಬಳಿ ಬೀಸುತ್ತಲೇ ಇತ್ತು. ಬರಿಯ ಕೈ ಅವಳಿಗೆ ಕಾಣುತ್ತಿಲ್ಲ ಎಂದು ಹೊಳೆಯಿತು. ಅದರ ಮರುದಿನ ಕಾರ್ಖಾನೆಯ ಕಿತ್ತಳೆ ಬಣ್ಣದ ರಬ್ಬರು ಕೈಗವಸು ಹಾಕಿಕೊಂಡು ಹೋದೆ. ಮೊಣಕೈ ತನಕ ಬರುವಂಥದ್ದು. ಬಿದ್ದೆ, ಕೈ ಎತ್ತಿದೆ. ದೂರದಲ್ಲಿ ಕಂಬಳಿ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ಕೆಳಗಿಳಿಯಿತು. ಅವಳು ನೆಲಕ್ಕೆ ಕೂತಳು. ನಾನು ಕೈ ಇಳಿಸಿದೆ. ಕುಸ್ತಿ ಗೆದ್ದವನಿಗೂ ಅಷ್ಟು ಸಮಾಧಾನ ಆಗಿರಲಿಕ್ಕಿಲ್ಲ.

ಹೀಗೆಯೇ ಕೆಲವು ವಾರ ನಡೆಯಿತು. ದಂಡೆಯ ಹತ್ತಿರ ಹೋಗಿ, ನೀರು ತೆಳುವಾಗುವ ಮೊದಲೇ ಅಗಲವಾಗಿ ಹೊರಳಿಕೊಂಡು ಕಟ್ಟೆಯ ಕಡೆ ಬರುವುದನ್ನು ಕಲಿಯುತ್ತಿದ್ದೆ. ಹೊರಳುವಲ್ಲಿ ಬೀಳುತ್ತಿದ್ದೆ. ಬಿದ್ದಾಗಲೆಲ್ಲ ಕಿತ್ತಳೆ ಕೈ, ಬಿದ್ದಾಗಲೆಲ್ಲ ಅವಳು ಕೂರುವುದು. ಯುಗಾದಿ ಹತ್ತಿರವಾದಾಗ ಒಂದು ದಿನ ನಾನೇ ಬೈಕಿನಲ್ಲಿ ಸುತ್ತುಹಾಕಿ ಹೋದೆ. ಗಂಟುಮೂಟೆ ಕತ್ತೆಗಳ ಮೇಲೇರುತ್ತಿತ್ತು.

“ನಾಳೆ ಮುಂದ ಹೋಗ್ತೀವಿ,” ಎಂದಳು ಭೀಮಕ್ಕ. “ಸುಗ್ಗಿ ಆದ ಮ್ಯಾಲ ಬರತೀವಿ, ಇದ್ರ.”

ಫೋನ್ ನಂಬರು ಕೇಳೋಣ ಅನ್ನಿಸಿತು. ಕಿವುಡನಿಗೂ ಪೊರೆ ಬಂದವಳಿಗೂ ಫೋನು ಯಾಕೆ ಬೇಕು, ಸುಡಲಿಕ್ಕೆ ಎಂದು ಬಿಟ್ಟೆ.

“ನಾ ಇರ್ಲಿ ಬಿಡ್ಲಿ, ಕೈ ಎತ್ತೂದ ಬಿಡಬ್ಯಾಡ,” ಎಂದಳು. ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ಹೋದಳು.

ಅವರು ಹೋದ ಮೇಲೆ ಕೆರೆಗೆ ಹೋಗಲು ಮನಸ್ಸಾಗಲಿಲ್ಲ. ಆದರೂ ಹೋದೆ. ಆಚೆ ದಂಡೆ ಬೋಳಾಗಿತ್ತು. ಗದ್ದೆಯಲ್ಲಿ ಹಿಕ್ಕೆಯ ಕಪ್ಪು ಗುರುತು ಬಿಟ್ಟರೆ ಏನೂ ಇಲ್ಲ. ಕಟ್ಟೆಯಿಂದ ಹಾರಿ, ಅವಳು ನಿಲ್ಲುತ್ತಿದ್ದ ಜಾಗಕ್ಕೆ ಕಣ್ಣು ನೆಟ್ಟು ಜೀಕಿದೆ. ಬೊಡ್ಡೆ ದಾಟಿತು. ದಂಡೆ ಹತ್ತಿರವಾಯಿತು. ಹೊರಳಿದೆ, ಬೀಳಲಿಲ್ಲ. ತಿರುಗಿ ಬರುವಾಗ ಕಣ್ಣಿಗೆ ಯಾವ ಗುರಿಯೂ ಬೇಕಾಗಲಿಲ್ಲ. ಒತ್ತುವುದು, ಹಗುರಾಗುವುದು, ಕಾಯುವುದು. ಇಡೀ ಕೆರೆ ದಾಟಿ ತಿರುಗಿ ಬರುತ್ತಿದ್ದೆ, ನೋಡುವವರು ಒಬ್ಬರೂ ಇರಲಿಲ್ಲ.

ಕಟ್ಟೆ ಇನ್ನೇನು ಸಿಕ್ಕಿತು ಎನ್ನುವಾಗ ತೊಡೆ ಸೋತು ನೀರಿಗೆ ಬಿದ್ದೆ. ಮೇಲೆ ಬಂದು ಉಸಿರೆಳೆದುಕೊಂಡೆ. ಬೊಡ್ಡೆಯ ಮೇಲಿನ ನೀರುಕಾಗೆ ಕೂಡ ಎಲ್ಲೋ ಹೋಗಿತ್ತು. ನಾನು ಕಿತ್ತಳೆ ಕೈ ಎತ್ತಿ ಹಿಡಿದೆ. ತೋಳು ನೋಯತೊಡಗಿತು, ಇಳಿಸಲಿಲ್ಲ. ಅವಳು ಕೂರುವ ತನಕ ಇಳಿಸಬಾರದು, ಅದು ನಮ್ಮ ಕರಾರು. ಎಲ್ಲೋ ಒಂದು ಗದ್ದೆಯ ಬದುವಿನ ಮೇಲೆ ಭೀಮಕ್ಕ ಈಗ ಕೂತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ, ಆಮೇಲೆ ಇಳಿಸಿದೆ.